ಮೂರು ಫಾರ್ಮ್ಯಾಟ್ ಆದ ಮೇಲೆ ಸಿಕ್ಕ ರೋಗ

ನೆಹರೂ ಗಂಜ್‌ನ ದಾಲ್ ಮಿಲ್ಲೊಂದರ ಮುನೀಮರ ಲ್ಯಾಪ್‌ಟಾಪ್ ನನ್ನ ಅಂಗಡಿಗೆ ಬರುವಷ್ಟರಲ್ಲಿ ಅದರ ಮೇಲೆ ಐದಾರು ಸಾವಿರ ರೂಪಾಯಿ ಸುರಿದಾಗಿತ್ತು. ಎಸ್‌ಎಸ್‌ಡಿ ಹೊಸದು, ರ‍್ಯಾಮ್ ಹೊಸದು, ಫಾರ್ಮ್ಯಾಟ್ ಎರಡು ಸಲ. ಆದರೂ ‘ದಿಸ್ ಪಿಸಿ’ ತೆರೆದರೆ ಮೇಲಿನ ಹಸಿರು ಪಟ್ಟಿ ತೆವಳುತ್ತಿತ್ತು. ಫೈಲಿನ ಮೇಲೆ ಬಲ ಕ್ಲಿಕ್ ಮಾಡಿದರೆ ಚಹಾ ಕುಡಿದು ಬರಬಹುದಿತ್ತು. “ಮಾರಿಬಿಡಿ ಅನ್ನುತ್ತಾರೆ ಎಲ್ಲರೂ. ನೀನೂ ಒಮ್ಮೆ ನೋಡು ತಮ್ಮಾ” ಎಂದರು.

ಮೊದಲು ನಾನೂ ಎಡವಿದೆ. ಮಿಲ್ಲಿನ ಲ್ಯಾಪ್‌ಟಾಪ್ ಎಂದರೆ ಫ್ಯಾನಿನಲ್ಲಿ ಬೇಳೆಯ ಹೊಟ್ಟು ಇದ್ದೇ ಇರುತ್ತದೆ, ಮೇಲೆ ಕಲಬುರಗಿಯ ಏಪ್ರಿಲ್ ಬಿಸಿಲು. ಬಿಚ್ಚಿ ಊದಿ, ಪ್ರೊಸೆಸರ್‌ನ ಶಾಖ ಸಾಗಿಸುವ ಪೇಸ್ಟ್ ಬದಲಿಸಿದೆ. ಮುಷ್ಟಿಯಷ್ಟು ಧೂಳು ಬಂತು, ವೇಗ ಬರಲಿಲ್ಲ. ಟಾಸ್ಕ್ ಮ್ಯಾನೇಜರ್ ನೋಡಿದರೆ ಪ್ರೊಸೆಸರ್ ನಾಲ್ಕೈದು ಶೇಕಡಾ, ಡಿಸ್ಕ್ ಹೆಚ್ಚುಕಡಿಮೆ ಸೊನ್ನೆ. ಯಂತ್ರ ದುಡಿಯುತ್ತಿಲ್ಲ, ಯಾವುದಕ್ಕೋ ಕಾಯುತ್ತಿದೆ ಎಂದು ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಮೂರನೆಯ ಫಾರ್ಮ್ಯಾಟ್ ನಾನೇ ಮಾಡಿದೆ. ಎರಡು ದಿನ ಕುದುರೆಯಂತೆ ಓಡಿ ಮೂರನೆಯ ದಿನ ಮತ್ತೆ ನನ್ನ ಮೇಜಿಗೆ ಬಂತು. ಪಕ್ಕದ ಅಂಗಡಿಯವನು “ಮದರ್‌ಬೋರ್ಡೇ ಹೋಗಿದೆ, ಸುಮ್ಮನೆ ಯಾಕೆ ಒದ್ದಾಡುತ್ತೀಯ” ಎಂದು ನಕ್ಕ.

ದಾರಿ ತೋರಿಸಿದ್ದು ಮುನೀಮರ ಒಂದು ಮಾತು: “ಮಿಲ್ಲಿನಲ್ಲಿ ಹೇಗೋ ನಡೆಯುತ್ತದೆ, ಮನೆಗೆ ಒಯ್ದರೆ ಮೊಂಡು ಹಿಡಿಯುತ್ತದೆ.” ವೈಫೈ ಆರಿಸಿ ನೋಡಿದೆ. ‘ದಿಸ್ ಪಿಸಿ’ ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು.

ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್ ಯೂಸ್’ ಹೊಡೆದೆ. ಬೇರೆ ಯಂತ್ರದ ಫೋಲ್ಡರುಗಳನ್ನು ನೆಟ್‌ವರ್ಕ್ ಮೂಲಕ ಇಲ್ಲಿ ಡ್ರೈವ್ ಆಗಿ ಜೋಡಿಸಿದ್ದರೆ ಅದು ತೋರಿಸುತ್ತದೆ. ಪಟ್ಟಿ ಖಾಲಿ ಎಂದಿತು! ಆ ಒಂದು ಉತ್ತರ ನಂಬಿ ಅರ್ಧ ದಿನ ಕಳೆದುಕೊಂಡೆ. ಅಭ್ಯಾಸಬಲದಿಂದ ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿದ್ದೆ. ಬಳಕೆದಾರ ಜೋಡಿಸಿದ ಡ್ರೈವ್‌ಗಳು ಅಲ್ಲಿ ಕಾಣುವುದಿಲ್ಲ. ಸಾಮಾನ್ಯ ಪ್ರಾಂಪ್ಟ್‌ನಲ್ಲಿ ಹೊಡೆದಾಗ ಮೂರು ಸಾಲು ಬಂದವು: ಎಕ್ಸ್, ವೈ, ಜೆಡ್. ವೈ ಎಂಬುದು ಲೆಕ್ಕಪತ್ರವಿರುವ ಈಗಿನ ಸರ್ವರ್. ಉಳಿದೆರಡು, ಎಂದೋ ಗುಜರಿಗೆ ಹೋದ ಹಳೆಯ ಯಂತ್ರದವು; ಇಲ್ಲದ ಆ ಯಂತ್ರವನ್ನು ವಿಂಡೋಸ್ ಹುಡುಕುತ್ತ ಕೂರುತ್ತಿತ್ತು. ಪ್ರತಿ ಫಾರ್ಮ್ಯಾಟ್ ಆದ ಮೇಲೂ ಮಿಲ್ಲಿನ ಹುಡುಗ ತನ್ನ ಪೆನ್‌ಡ್ರೈವ್‌ನ ಬ್ಯಾಚ್ ಫೈಲ್ (ಸಾಲಾಗಿ ಬರೆದಿಟ್ಟ ಆದೇಶಗಳು) ಓಡಿಸಿ ಮೂರನ್ನೂ ಶ್ರದ್ಧೆಯಿಂದ ಮತ್ತೆ ಅಂಟಿಸುತ್ತಿದ್ದ.

ಸತ್ತ ಡ್ರೈವ್ ಮಿಲ್ಲಿನಲ್ಲಿ ಏಕೆ ಅಷ್ಟು ಕಾಡಲಿಲ್ಲ? ಅಂದು ರಾತ್ರಿ ನನ್ನದೇ ಯಂತ್ರದಲ್ಲಿ ಪರೀಕ್ಷಿಸಿದೆ. ನಮ್ಮ ರೂಟರಿನ ಸಾಲಿನದೇ, ಅಂದರೆ ಮೊದಲ ಮೂರು ಸಂಖ್ಯೆ ಒಂದೇ ಇರುವ, ಯಾರೂ ಬಳಸದ ನೆಟ್‌ವರ್ಕ್ ವಿಳಾಸ ಕೊಟ್ಟರೆ ಬೇಗ ಕೈಚೆಲ್ಲುತ್ತದೆ. ಬೇರೆ ಸಾಲಿನ ವಿಳಾಸ ಕೊಟ್ಟರೆ ಕೋರಿಕೆ ರೂಟರ್ ದಾಟಿ ಎಲ್ಲೋ ಕಳೆದುಹೋಗುತ್ತದೆ, ವಿಂಡೋಸ್ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ. ಮೊಬೈಲಿನಲ್ಲಿ ಅಳೆದೆ: ಸುಮಾರು 20 ಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮಿಲ್ಲಿನದು 192.168.0 ಸಾಲು, ಮುನೀಮರ ಮನೆಯದು 192.168.1. ಲೆಕ್ಕ ಕೂಡಿತು. ಮನೆಯವರು ದೀಪ ಆರಿಸಿ ಎಂದು ಮೂರು ಸಲ ಕೂಗಿದ್ದರು.

ಮೂರನ್ನೂ ‘ನೆಟ್ ಯೂಸ್’ಗೆ ‘ಡಿಲೀಟ್’ ಸೇರಿಸಿ ಕಿತ್ತೆ. ಅರ್ಧ ವಾಸಿಯಾಯಿತು, ಪೂರ್ತಿ ಆಗಲಿಲ್ಲ. ಕ್ವಿಕ್ ಆಕ್ಸೆಸ್‌ನಲ್ಲಿ ಪಿನ್ ಮಾಡಿದ ಜೆಡ್ ಫೋಲ್ಡರ್‌ಗಳು, ಡೆಸ್ಕ್‌ಟಾಪಿನಲ್ಲಿ ಐದು ಶಾರ್ಟ್‌ಕಟ್, ಎಕ್ಸೆಲ್‌ನ ಇತ್ತೀಚಿನ ಫೈಲ್‌ಗಳ ಪಟ್ಟಿ, ಸಾಲದ್ದಕ್ಕೆ ಡೀಫಾಲ್ಟ್ ಪ್ರಿಂಟರ್ ಕೂಡ ಅದೇ ಸತ್ತ ಯಂತ್ರದ್ದು! ಒಂದೊಂದಾಗಿ ಹೆಕ್ಕಿ ತೆಗೆದ ಮೇಲೆ ‘ಸೇವ್ ಆಸ್’ ಕಿಟಕಿಯೂ ತಡವರಿಸಲಿಲ್ಲ.

ವೈ ಬೇಕೇ ಬೇಕು. ಅದನ್ನು ಶಾಶ್ವತವಾಗಿ ಜೋಡಿಸದೆ, ಸರ್ವರ್ ಇದೆಯೇ ಎಂದು ಮೊದಲು ತಟ್ಟಿ ನೋಡಿ, ಇದ್ದರೆ ಮಾತ್ರ ಜೋಡಿಸುವ ಪುಟ್ಟ ಫೈಲ್ ಬರೆದು ಕೊಟ್ಟಿದ್ದೇನೆ. ತಟ್ಟುವುದಕ್ಕೆ, ಆ ವಿಳಾಸದಲ್ಲಿ ಯಾರಾದರೂ ಇದ್ದಾರೆಯೇ ಎಂದಷ್ಟೇ ಕೇಳುವ ಪಿಂಗ್ ಒಂದೇ ಸಾಲದು, ಮಿಲ್ಲಿನದೇ ಸಾಲು ಇರುವ ಬೇರೆ ಕಡೆ ಅದೇ ವಿಳಾಸದ ಟಿವಿ ಇರಬಹುದು. ಆ ಸಾಲು ಮಾತ್ರ ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ನಾನು ತೆಗೆದುಕೊಂಡದ್ದು ಮುನ್ನೂರು ರೂಪಾಯಿ. ಪೇಸ್ಟ್ ಖರ್ಚು ಕಳೆದರೆ ನೂರೈವತ್ತೂ ಉಳಿಯಲಿಲ್ಲ. ಮಿಲ್ಲಿನ ಸಾವಕಾರರು ಮಾತ್ರ ಐದು ಕಿಲೋ ತೊಗರಿಬೇಳೆ ಕಳಿಸಿದರು. ಹುಡುಗನ ಪೆನ್‌ಡ್ರೈವ್‌ನಲ್ಲಿದ್ದ ಬ್ಯಾಚ್ ಫೈಲನ್ನು ಅವನೆದುರೇ ಅಳಿಸಿದೆ. ಇನ್ನೂ ಎರಡು ಕಂಪ್ಯೂಟರುಗಳಲ್ಲಿ ಅದರ ಪ್ರತಿ ಇದೆಯಂತೆ, ಶುಕ್ರವಾರ ಹೋಗಬೇಕು.