ಆಲ್ಪ್ಸ್ ಮ್ಯಾಪಲ್ಲಿ ಒಂದು ಬೆಟ್ಟ ಯಾವ ಗುಂಪಿಗೆ ಸೇರುತ್ತೆ ಅಂತ ಕಂಡುಹಿಡಿಯೋದು ಹೇಗೆ

ಆಲ್ಪ್ಸ್ ಮ್ಯಾಪ್ ಬಿಡಿಸಿದ ತಕ್ಷಣ ಎಲ್ರೂ ಶಿಖರದ ಹೆಸರು ಹುಡುಕ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಮೊದ್ಲು ನೀರು ಹುಡುಕಿ. ಬೆಟ್ಟಗಳ ಗುಂಪಿನ ಗಡಿ ಹೋಗೋದು ನದಿ, ಕಣಿವೆ, ಪಾಸ್ (ಬೆಟ್ಟ ದಾಟೋ ತಗ್ಗು ಜಾಗ) ಹಿಡ್ಕೊಂಡು, ಶಿಖರಗಳೆಲ್ಲ ಅದರ ಒಳಗೆ.

ಮೊದಲು ಪೂರ್ವನಾ ಪಶ್ಚಿಮನಾ ನೋಡ್ಕೊಳಿ. ಕಾನ್‌ಸ್ಟನ್ಸ್ ಸರೋವರದಿಂದ ರೈನ್ ನದಿ ಜೊತೆ ಮೇಲಕ್ಕೆ ಹೋಗಿ, ಸ್ಪ್ಲೂಗೆನ್ ಪಾಸ್ ಹತ್ತಿ ಕೋಮೋ ಸರೋವರಕ್ಕೆ ಇಳಿದ್ರೆ ಅದೇ ಗೆರೆ. ಪೂರ್ವದಲ್ಲಿ 4000 ಮೀಟರ್ ದಾಟಿರೋದು ಪಿಜ್ ಬರ್ನಿನಾ ಒಂದೇ, 4049. ಆಮೇಲೆ ಈ ಪೂರ್ವ ಭಾಗದ ಕಲ್ಲು ನೋಡಿ: ಉತ್ತರಕ್ಕೆ ಬೆಳ್ಳಗಿನ ಸುಣ್ಣಕಲ್ಲು, ನಡುವೆ ನೈಸ್, ಶಿಸ್ಟ್ ಥರದ ಗಟ್ಟಿ ಕಲ್ಲು, ದಕ್ಷಿಣದ ಡೊಲೊಮೈಟ್ಸ್ ಕಡೆ ಮತ್ತೆ ಸುಣ್ಣಕಲ್ಲು.

ಈಗ ಪೆನ್ಸಿಲ್ ತಗೊಂಡು ಆಸ್ಟ್ರಿಯಾ-ಇಟಲಿ ಗಡಿಯಲ್ಲಿರೋ ಓಟ್ಸ್‌ಟಾಲ್ ಆಲ್ಪ್ಸ್ ಸುತ್ತ ಒಂದು ರೌಂಡ್ ಹಾಕಿ. ಓಟ್ಸ್‌ಟಾಲ್ ಹೊಳೆ ಇನ್ ನದಿಗೆ ಸೇರೋ ಜಾಗದಿಂದ ಶುರು, ಇನ್ ಜೊತೆ ಲಾಂಡೆಕ್ ದಾಟಿ ಮೇಲಕ್ಕೆ, ರೆಶೆನ್ ಪಾಸ್, ಅಲ್ಲಿಂದ ಆದಿಜೆ ನದಿ ಜೊತೆ ಮೆರಾನೊ, ಆಮೇಲೆ ಪಾಸೈಯರ್ ಕಣಿವೆ ಹತ್ತಿ 2474 ಮೀಟರಿನ ಟಿಮ್ಮೆಲ್ಸ್‌ಯೋಕ್, ಕೊನೆಗೆ ಓಟ್ಸ್‌ಟಾಲ್ ಕಣಿವೇಲಿ ಇಳಿದು ಹೊರಟ ಜಾಗಕ್ಕೇ ವಾಪಸ್. ಇದರೊಳಗಿರೋ ವಿಲ್ಡ್‌ಶ್ಪಿಟ್ಸೆ, ಸಿಮಿಲೌನ್ ಶಿಖರಗಳೆಲ್ಲಾ ಒಂದೇ ಗುಂಪು.

ಒಂದ್ ವಿಷ್ಯ ಮಾತ್ರ ಚೆನ್ನಾಗಿ ನೆನಪಿಟ್ಕೊಳಿ, ದೇಶದ ಗಡಿ ಬೇರೆ ಗುಂಪಿನ ಗಡಿ ಬೇರೆ. 1919ರಲ್ಲಿ ಆಸ್ಟ್ರಿಯಾ-ಇಟಲಿ ಗಡಿ ಎಳೆದಾಗ ನೀರು ಯಾವ ಕಡೆ ಹರಿಯುತ್ತೆ ಅನ್ನೋದೇ ಲೆಕ್ಕ ಆಗಿತ್ತು, ಆದ್ರೆ ಮೇಲೆಲ್ಲ ಹಿಮ ಕವ್ಕೊಂಡಿದ್ರಿಂದ ಟಿಸೆನ್‌ಯೋಕ್ ಅನ್ನೋ ಪಾಸ್ ಹತ್ರ ಗೆರೆ ಸರಿಯಾಗಿ ಕೂರ್ಲಿಲ್ಲ. 1991ರಲ್ಲಿ ಅಲ್ಲೇ ಹಿಮದಲ್ಲಿ ಉಳಿದಿದ್ದ, 5000 ವರ್ಷಕ್ಕೂ ಹಳೆಯ ‘ಓಟ್ಸಿ’ ಅನ್ನೋ ಮನುಷ್ಯನ ದೇಹ ಸಿಕ್ತು, ನೀರು ಇಳಿಯೋದು ಆಸ್ಟ್ರಿಯಾ ಕಡೆಗೆ, ಅಳತೆ ಮಾಡಿದ್ರೆ ಜಾಗ ಇಟಲಿ ಒಳಗೆ 92 ಮೀಟರ್! ಗುಂಪಿನ ಲೆಕ್ಕದಲ್ಲಿ ಈ ಗೊಂದಲನೇ ಇಲ್ಲ, ಎರಡೂ ಕಡೆ ಓಟ್ಸ್‌ಟಾಲ್ ಆಲ್ಪ್ಸೇ.

ಇದು 1984ರಲ್ಲಿ ಆಲ್ಪೈನ್ ಕ್ಲಬ್‌ಗಳು (ಪರ್ವತಾರೋಹಿಗಳ ಸಂಘಗಳು) ಪೂರ್ವ ಆಲ್ಪ್ಸ್‌ಗೆ ಮಾತ್ರ ಮಾಡಿದ 75 ಗುಂಪಿನ ಲೆಕ್ಕ, ಓಟ್ಸ್‌ಟಾಲ್ ಅದರಲ್ಲಿ 30ನೇದು. ಇಟಲಿಯ ಸೆರ್ಜಿಯೊ ಮರಾಜ್ಜಿ 2005ರಲ್ಲಿ ಇಡೀ ಆಲ್ಪ್ಸನ್ನ 36 ವಿಭಾಗ ಮಾಡಿದ್ದಾರೆ, ಅಲ್ಲಿ ಹೆಸರೂ ನಂಬರೂ ಬೇರೆ, ಹಾಗಾಗಿ ಕೈಲಿರೋ ಗೈಡ್ ಯಾವ ಲೆಕ್ಕದ್ದು ಅಂತ ಮೊದ್ಲೇ ನೋಡ್ಕೊಳಿ.

ಮುಂದೆ ಪಕ್ಕದ ಸ್ಟೂಬಾಯ್ ಆಲ್ಪ್ಸ್ ನೀವೇ ಟ್ರೈ ಮಾಡಿ: ಪಶ್ಚಿಮದ ಗೆರೆ ಓಟ್ಸ್‌ಟಾಲ್, ಅದಾಗ್ಲೇ ಎಳೆದಾಗಿದೆ, ಪೂರ್ವಕ್ಕೆ ಬ್ರೆನ್ನರ್ ಪಾಸ್.