ನಕ್ಷೆಯಲ್ಲಿ ಕಾಣದ ಗಲ್ಲಾಪೆಟ್ಟಿಗೆ

ಫಿನ್‌ಟೆಕ್, ಅಂದರೆ ತಂತ್ರಜ್ಞಾನ ಬಳಸುವ ಹಣಕಾಸು ಸೇವೆಗಳ ಸಂಶೋಧನೆ ಯಾವ ದಿಕ್ಕಿಗೆ ಹೊರಳುತ್ತಿದೆ ಎಂದು ನೋಡದೆ ಪಿಎಚ್‌.ಡಿ. ವಿಷಯ ಆರಿಸಬೇಡಿ ಎಂದು ಮಾರ್ಗದರ್ಶಕರು ಪಟ್ಟು ಹಿಡಿದರು. ಕಾಲೇಜಿನ ಪಾಠ ಮುಗಿಸಿ ಮುಂಬೈಯ ಮಾಟುಂಗದ ಮನೆಗೆ ಬಂದ ಮೇಲೆ, ಸಂಶೋಧನ ಲೇಖನಗಳ ಮಾಹಿತಿಕೋಶವಾದ ಸ್ಕೋಪಸ್‌ನಿಂದ ಲೇಖನಗಳ ವಿವರ ಇಳಿಸಿಕೊಂಡು ವಾಸ್‌ವ್ಯೂವರ್ ತಂತ್ರಾಂಶಕ್ಕೆ ಹಾಕಿದೆ. ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಟ್ಟಿರುವ ಈ ತಂತ್ರಾಂಶ, ಲೇಖನಗಳಲ್ಲಿ ಜೊತೆಯಾಗಿ ಬರುವ ಪದಗಳನ್ನು ಹತ್ತಿರ ಹತ್ತಿರ ಇಟ್ಟು ನಕ್ಷೆ ಬಿಡಿಸುತ್ತದೆ.

ಮೊದಲ ನಕ್ಷೆ ಹಾಳಾಯಿತು. ‘ಫಿನ್‌ಟೆಕ್’, ‘ಫಿನ್-ಟೆಕ್’, ‘ಫೈನಾನ್ಶಿಯಲ್ ಟೆಕ್ನಾಲಜಿ’ ಮೂರೂ ಬೇರೆ ಬೇರೆ ಚುಕ್ಕೆಗಳಾಗಿ ಕುಳಿತಿದ್ದವು. ಇದಕ್ಕೆ ಪದಪಟ್ಟಿಯೊಂದನ್ನು ನಾವೇ ಮಾಡಿಕೊಡಬೇಕು: ಎಡಕ್ಕೆ ಸಿಕ್ಕ ಪದ, ಬಲಕ್ಕೆ ಅದರ ಬದಲು ಇರಬೇಕಾದ ಪದ. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ. ಎರಡು ವಾರ ಹಿಡಿಯಿತು. ಹೊಸದಾಗಿ ಕೈಹಚ್ಚುವವರು ದಯವಿಟ್ಟು ಇದನ್ನು ಬಿಡಬೇಡಿ.

ಹಸನಾದ ನಕ್ಷೆಯಲ್ಲಿ ನೀಲಿ ಹಳೆಯದು, ಹಳದಿ ಹೊಸದು. ನೀಲಿಯಲ್ಲಿ ಬಿಟ್‌ಕಾಯಿನ್, ಬಹಳ ಜನರಿಂದ ಹಣ ಕೂಡಿಸುವ ಕ್ರೌಡ್‌ಫಂಡಿಂಗ್; ಹಳದಿಯಲ್ಲಿ ಯಂತ್ರಕಲಿಕೆ, ಪರಿಸರಕ್ಕೆ ಹಿತವಾದ ಯೋಜನೆಗಳಿಗೆ ಹಣ ಒದಗಿಸುವ ಹಸಿರು ಹಣಕಾಸು. ಹೊಸದೆಲ್ಲ ಮಹತ್ವದ್ದು ಎಂದು ನಾನೂ ಕೆಲವು ದಿನ ನಂಬಿದ್ದೆ. ಲೇಖನಗಳನ್ನು ಕುಳಿತು ಓದಿದಾಗ ಬೇರೆಯೇ ಕಂಡಿತು. ನಮ್ಮ ದೇಶದ ಬಗ್ಗೆ ನಾನು ಓದಿದವುಗಳಲ್ಲಿ ಹೆಚ್ಚಿನವು 1989ರಲ್ಲಿ ಫ್ರೆಡ್ ಡೇವಿಸ್ ಮಂಡಿಸಿದ, ಜನ ಹೊಸ ತಂತ್ರಜ್ಞಾನವನ್ನು ಏಕೆ ಒಪ್ಪುತ್ತಾರೆಂದು ವಿವರಿಸುವ ತಂತ್ರಜ್ಞಾನ ಸ್ವೀಕಾರ ಮಾದರಿಯನ್ನು ಹಿಡಿದು, ‘ಬಳಸುವ ಇರಾದೆ ಇದೆಯೇ?’ ಎಂದು ಗ್ರಾಹಕರನ್ನು ಕೇಳಿದ್ದವು. ಬಳಸಿದ ಮೇಲೆ ಬದುಕು ಏನಾಯಿತು? ಕೀನ್ಯಾದಲ್ಲಿ 2007ರಲ್ಲಿ ಬಂದ, ಮೊಬೈಲಿನಲ್ಲೇ ಹಣ ಕಳಿಸುವ ಎಂ-ಪೆಸಾ ಸೇವೆಯ ಬಗ್ಗೆ ಅರ್ಥಶಾಸ್ತ್ರಜ್ಞರಾದ ತವನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಕೇಳಿದ್ದು ಈ ಪ್ರಶ್ನೆಯನ್ನೇ. ಅದರಿಂದ ಅಲ್ಲಿನ ಶೇ. 2ರಷ್ಟು ಕುಟುಂಬಗಳು ಬಡತನದಿಂದ ಮೇಲೆ ಬಂದವೆಂದು 2016ರಲ್ಲಿ ಅವರು ಅಂದಾಜಿಸಿದರು. ಆ ಲೇಖನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ನಮ್ಮ ಬೀದಿಯ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಅಣ್ಣನನ್ನು ಮಾತಿಗೆಳೆದೆ. ಮೊಬೈಲಿನಿಂದ ಹಣ ಬಂತೆಂದು ಸಾರುವ ಸೌಂಡ್‌ಬಾಕ್ಸ್ ನಡುನಡುವೆ ಕೂಗುತ್ತಲೇ ಇತ್ತು.

“ದುಡ್ಡೆಲ್ಲ ಬ್ಯಾಂಕಿಗೆ ಹೋಗುತ್ತದೆ ಅಕ್ಕ. ಬೆಳಿಗ್ಗೆ ನಾಲ್ಕಕ್ಕೆ ದಾದರಿನಲ್ಲಿ ತರಕಾರಿಯವನು ನೋಟನ್ನೇ ಕೇಳುತ್ತಾನೆ. ಮೊದಲು ಗಲ್ಲಾಪೆಟ್ಟಿಗೆಯಿಂದ ಎಣಿಸಿಕೊಂಡು ಹೋಗುತ್ತಿದ್ದೆ, ಈಗ ಎಟಿಎಂ ಮುಂದೆ ನಿಲ್ಲುತ್ತೇನೆ.”

ಯುಪಿಐ ನಡೆಸುವ ನಿಗಮದ ಕಚೇರಿ ಇದೇ ಮುಂಬೈಯಲ್ಲಿದೆ. ಆದರೂ ಹಣ ಪಡೆಯುವವನ ನಾಳಿನ ನಗದಿನ ಚಿಂತೆಗೆ ನನ್ನ ನಕ್ಷೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ನನ್ನ ವಿಷಯ ಅಲ್ಲೇ ನಿಶ್ಚಯವಾಯಿತು.

ಅಣ್ಣ ಗಲ್ಲಾಪೆಟ್ಟಿಗೆಯ ಅಡಿಯಿಂದ ಎರಡು ಪುಸ್ತಕ ತೆಗೆದು ಮುಂದಿಟ್ಟರು, ಒಂದು ನಗದಿನದು, ಇನ್ನೊಂದು ಮೊಬೈಲಿನದು. ಏಪ್ರಿಲ್ ತಿಂಗಳ ಪುಟದಿಂದ ಬರೆದುಕೊಳ್ಳಲು ಶುರುಮಾಡಿದೆ.