ಉಪವಾಸದ ದಿನವೇ ಅತ್ತೆಗೆ ಜಾಸ್ತಿ ತಿನ್ನಿಸಿದೆ

ನಮ್ಮ ಅತ್ತೆಯ ತೂಕ 36 ಕೆಜಿಗೆ ಇಳಿದಿತ್ತು. ಈಗ 41ರ ಹತ್ತಿರ ಇದೆ. ಅಡಿಕೆ ತೂಗುವ ಕಾಟಾದ ಮೇಲೆ ಕುರ್ಚಿ ಇಟ್ಟು ಕೂರಿಸಿ, ಕುರ್ಚಿಯ ತೂಕ ಕಳೆದು ಲೆಕ್ಕ ಹಾಕಿದ್ದು. "ಎಂಬತ್ತರ ಹತ್ತಿರ ಬಂದವರಿಗೆ ಇನ್ನೆಂಥ ಹಸಿವು, ಸುಮ್ನೆ ಬಿಡು" ಅಂದಿದ್ದ ನಾದಿನಿಯರೇ ಈಗ ಫೋನ್ ಮಾಡಿ ಏನು ಕೊಟ್ಟೆ ಅಂತ ಕೇಳುತ್ತಾರೆ.

ಮೊದಲು ದುಡ್ಡು ಹೋದ ದಾರಿ ಹೇಳುತ್ತೇನೆ. ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿ ಎಂಡೋಸ್ಕೋಪಿ, ಸ್ಕ್ಯಾನಿಂಗ್, ಥೈರಾಯ್ಡ್ ಎಲ್ಲ ಮಾಡಿಸಿದೆವು. ಓಡಾಟ ಸೇರಿ ಇಪ್ಪತ್ತು ಸಾವಿರದ ಮೇಲಾಯ್ತು. ಅದು ದಂಡ ಅನ್ನಲ್ಲ. ದೊಡ್ಡ ಕಾಯಿಲೆ ಇಲ್ಲ ಅಂತ ಗೊತ್ತಾಗದೆ ಮನೆಮದ್ದಿಗೆ ಕೈ ಹಾಕಬಾರದು. ದಂಡವಾಗಿದ್ದು ಪ್ರೋಟೀನ್ ಪುಡಿ. ಡಬ್ಬಿಗೆ ಏಳೆಂಟು ನೂರು, ನಾಲ್ಕೈದು ಡಬ್ಬಿ ತಂದಿದ್ದೆವು. ಬೆಳಿಗ್ಗೆ ಒಂದು ಲೋಟ ಕುಡಿದರೆ ಮಧ್ಯಾಹ್ನದ ಊಟವೇ ಬೇಡ ಅನ್ನುತ್ತಿದ್ದರು. ವಯಸ್ಸಾದವರ ಜಠರ ಖಾಲಿಯಾಗುವುದೇ ನಿಧಾನ ಅಲ್ವಾ? ಹಸಿವಿನ ಸಿರಪ್ಪೂ ಬಂತು, ಸೈಪ್ರೊಹೆಪ್ಟಡಿನ್ ಇರುವಂಥದ್ದು. ಹಗಲೆಲ್ಲ ತೂಕಡಿಕೆ, ರಾತ್ರಿ ಬಚ್ಚಲಿಗೆ ಹೋಗುವಾಗ ಓಲಾಟ. ಡಾಕ್ಟರನ್ನು ಕೇಳಿ ನಿಲ್ಲಿಸಿದೆವು. ಸಡಿಲವಾಗಿದ್ದ ಹಲ್ಲಿನ ಸೆಟ್ಟನ್ನು ಸರಿ ಮಾಡಿಸಲು ಕೆಲವೇ ನೂರು ರೂಪಾಯಿ ಸಾಕಾಯ್ತು. ಎಲ್ಲಕ್ಕಿಂತ ಮೊದಲು ಬಾಯಿ ತೆರೆಸಿ ನೋಡಿ.

ನಿಜವಾದ ಗಂಟು ಉಪವಾಸದಲ್ಲಿತ್ತು. ಮಾವ ತೀರಿಕೊಂಡ ಮೇಲೆ ಏಕಾದಶಿಯ ಜೊತೆ ಸಂಕಷ್ಟಿ ಬಂತು, ಆಮೇಲೆ ಸೋಮವಾರ, ಶನಿವಾರ. ಉಳಿದ ದಿನ ಒಪ್ಪತ್ತು. ಆ ಒಪ್ಪತ್ತಿನ ಅನ್ನದಲ್ಲೂ ಅರ್ಧ "ದನಕ್ಕೆ ಹಾಕಿ ಬರ್ತೆ" ಅಂತ ಕೊಟ್ಟಿಗೆ ಸೇರುತ್ತಿತ್ತು. ವಯಸ್ಸಾದವರಿಗೆ ಉಪವಾಸದ ಕಡ್ಡಾಯವಿಲ್ಲ ಅಂತ ಪುರೋಹಿತರ ಹತ್ತಿರವೇ ಹೇಳಿಸಿ ನೋಡಿದೆವು. ಅವರ ಎದುರು ಅತ್ತೆ ತಲೆ ಆಡಿಸಿದರು, ಮರುದಿನ ಮತ್ತೆ ಅದೇ. ವ್ರತ ಮುರಿಸಲು ಹೋದರೆ ಅವರ ಹಟ ಗಟ್ಟಿಯಾಗುತ್ತದೆ.

ಹಾಗಾಗಿ ವ್ರತಕ್ಕೆ ಕೈ ಹಚ್ಚಲಿಲ್ಲ, ಫಲಾಹಾರವನ್ನೇ ಗಟ್ಟಿ ಮಾಡಿದೆ. ತೆಳು ಅವಲಕ್ಕಿಗೆ ಕಾಯಿತುರಿ, ಬೆಲ್ಲ, ಎರಡು ಚಮಚ ತುಪ್ಪ. ಬೇಯಿಸಿದ ಗೆಣಸಿಗೆ ಶೇಂಗಾಪುಡಿ. ಗಟ್ಟಿ ಮೊಸರಿಗೆ ಬಾಳೆಹಣ್ಣು. ಒಂದೊಂದೂ ಒಂದು ಹಿಡಿಯಷ್ಟೇ, ಆದರೆ ದಿನಕ್ಕೆ ಐದು ಸಲ. ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಅನ್ನುತ್ತಾರಲ್ಲ, ಉಪವಾಸವಿಲ್ಲದ ದಿನ ಹೆಸರುಬೇಳೆ ಗಂಜಿ, ಹಾಲು ಸೇರಿಸಿ ಅದರ ಆಸುಪಾಸು ಮುಟ್ಟಿಸಿದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಬೆಲ್ಲ, ಬಾಳೆಹಣ್ಣು ಹೊಂದುವುದಿಲ್ಲ.

ಎರಡನೆಯದು ಕವಳ, ಅಂದರೆ ಎಲೆ-ಅಡಿಕೆ. ಬೆಳಿಗ್ಗೆ ಎದ್ದ ಕೂಡಲೇ ಬಾಯಿಗೆ ಅಡಿಕೆ ಬಿದ್ದರೆ ಹಸಿವು ಸತ್ತೇ ಹೋಗುತ್ತದೆ. ಬಿಡಿಸಲಿಲ್ಲ, ಸರದಿ ಬದಲಿಸಿದೆ. ಮೊದಲು ತಿಂಡಿ, ಆಮೇಲೆ ನಾನೇ ಎಲೆಗೆ ಸುಣ್ಣ ಹಚ್ಚಿ ಕೊಡುವುದು. ಒಂದು ವಾರ ಸಿಟ್ಟು ಮಾಡಿದರು.

ಊಟಕ್ಕೆ ಹತ್ತು ನಿಮಿಷ ಮೊದಲು ಅರ್ಧ ಲೋಟ ಅಪ್ಪೆಹುಳಿ, ಮಾವಿನ ಮಿಡಿಯ ತೆಳು ಹುಳಿ ಸಾರು. ಬಾಯಲ್ಲಿ ನೀರೂರಿದರೆ ಒಣಗಿದ ನಾಲಿಗೆಗೂ ರುಚಿ ಹತ್ತುತ್ತದೆ. ಬಿಪಿ ಇದ್ದರೆ ಉಪ್ಪಿನಲ್ಲಿಟ್ಟ ಮಿಡಿ ಬೇಡ, ಕಂಚಿಕಾಯಿ ಹಿಂಡಿ. ಒಗ್ಗರಣೆಗೆ ನಾನು ಇನ್ನೊಂದು ಹಾಕುತ್ತೇನೆ, ಅದನ್ನು ನಾದಿನಿಯರಿಗೂ ಹೇಳಿಲ್ಲ.

ನಡುವೆ ಇನ್ನೊಂದು ಪರೀಕ್ಷೆ ಮಾಡಿದೆ. ಅತ್ತೆಗೆ ಕಣ್ಣಿನ ಪೊರೆ ಇದೆ. ಸ್ಟೀಲ್ ಬಟ್ಟಲಲ್ಲಿ ಬಿಳಿ ಅನ್ನ ಬಡಿಸಿದರೆ ಅಂಚಿನ ಅನ್ನ ಹಾಗೇ ಉಳಿಯುತ್ತಿತ್ತು. ಸಣ್ಣ ಕುಡಿಬಾಳೆಯ ಮೇಲೆ ಬಡಿಸಿದಾಗ ಬೆರಳು ನೇರ ಅನ್ನಕ್ಕೇ ಹೋಯ್ತು, ಎಲೆ ಖಾಲಿ. ಕೆಂಪು ಕುಚ್ಚಲಕ್ಕಿ ಅನ್ನ ಬಟ್ಟಲಲ್ಲೂ ಕಾಣುತ್ತದೆ, ಆದರೆ ಅಗಿಯಲು ಕಷ್ಟವಾಯ್ತು.

ತೂಕ ಏರಲು ಮೂರ್ನಾಲ್ಕು ತಿಂಗಳು ಹಿಡಿಯಿತು. ತೂಕ ಒಂದೇ ತಿಂಗಳಲ್ಲಿ ನೂರಕ್ಕೆ ಐದು ಪಾಲು ಇಳಿದರೆ, 40 ಕೆಜಿಯವರಿಗೆ ಎರಡು ಕೆಜಿ, ಇದನ್ನೆಲ್ಲ ಬಿಟ್ಟು ಡಾಕ್ಟರ ಹತ್ತಿರ ಓಡಿ. ಸಕ್ಕರೆ ಕಾಯಿಲೆಯ ಮೆಟ್ಫಾರ್ಮಿನ್, ಹೃದಯದ ಡಿಗಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರಾದರೆ ಅದನ್ನೂ ತಪ್ಪದೆ ಹೇಳಿ, ಕೆಲವರಲ್ಲಿ ಅವೂ ಹಸಿವು ಕಟ್ಟುತ್ತವೆ.

ಕಾರವಾರದ ಗೆಳತಿಯೊಬ್ಬಳು ಅವಳ ಮಾವನಿಗೆ ಅಪ್ಪೆಹುಳಿಯ ಬದಲು ಬಂಗಡೆ ಸಾರಿನ ತಿಳಿ ಕೊಟ್ಟು ನೋಡುತ್ತಿದ್ದಾಳೆ. ಮಧ್ಯಾಹ್ನದ ಊಟ ಹಿಡಿದಿದೆಯಂತೆ, ರಾತ್ರಿಯದು ಇನ್ನೂ ಇಲ್ಲ.